37ರ ವಯಸ್ಸಿನಲ್ಲಿ ಕಟ್ಟಡದ ಕಸುಬಿಗೆ ಇಳಿಯಬಹುದೇ?

ಪ್ರಶ್ನೆ: ನನಗೀಗ 37 ವರ್ಷ. ಹದಿಮೂರು ವರ್ಷದಿಂದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕೆಲಸದಲ್ಲಿ ತೊಂದರೆಯಿಲ್ಲ, ಆದರೆ ಮನಸ್ಸು ಅಲ್ಲಿಲ್ಲ. ಮನೆಯಲ್ಲಿ ಸ್ವಿಚ್ ಬೋರ್ಡ್ ಕೆಟ್ಟರೆ, ನಲ್ಲಿ ಸೋರಿದರೆ, ಬಾಗಿಲು ಜಗ್ಗಿದರೆ ನಾನೇ ಕೈಹಾಕುತ್ತೇನೆ. ಹೋದ ವರ್ಷ ಬಚ್ಚಲುಮನೆಯ ಗೋಡೆಗೆ ಟೈಲ್ಸ್ ಕೂಡ ಹಾಕಿದೆ. ಇದನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನಿಸಿದೆ. ಈ ವಯಸ್ಸಿಗೆ ಕಲಿಯಲು ಆಗುತ್ತದೆಯೇ? ದೇಹ ತಡೆಯುತ್ತದೆಯೇ? ಎಲೆಕ್ಟ್ರಿಕಲ್, ಟೈಲ್ಸ್, ಮರಗೆಲಸ, ಪೇಂಟಿಂಗ್, ಇವುಗಳಲ್ಲಿ ಯಾವುದನ್ನು ಹಿಡಿಯಲಿ? ಗಂಡಸರೇ ತುಂಬಿರುವ ಸೈಟಿನಲ್ಲಿ ಒಬ್ಬಳೇ ಹೇಗೆ ನಿಭಾಯಿಸುವುದು? ಇಬ್ಬರು ಮಕ್ಕಳಿದ್ದಾರೆ, ಸಂಬಳ ನಿಂತರೆ ಕಷ್ಟ. ಮನೆಯವರು "ಓದಿದವಳು ಸಿಮೆಂಟ್ ಹೊರೋಕೆ ಹೋಗ್ತೀಯಾ" ಅನ್ನುತ್ತಿದ್ದಾರೆ.

ಉತ್ತರ: ಆಗುತ್ತದೆ. ವಯಸ್ಸಾಗಲಿ ಮೈಬಲವಾಗಲಿ ನಿಮಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವ ಸಂಗತಿ ಬೇರೊಂದಿದೆ, ಅದನ್ನು ನೀವು ಕೇಳಿಲ್ಲ. ಎಲೆಕ್ಟ್ರಿಕಲ್ ಕೆಲಸ ಮಾಡಿ, ಆಮೇಲೆ ಹೊಸಬರಿಗೆ ಕಲಿಸುತ್ತಾ ಬಂದ ನಾನು ಕಂಡಂತೆ, ಬೇರೆ ಕೆಲಸ ಬಿಟ್ಟು ಈ ಕಸುಬಿಗೆ ಬಂದ ಹೆಣ್ಣುಮಕ್ಕಳು ವಾಪಸ್ ಹೋಗುವುದು ಭಾರ ಎತ್ತಲಾರದೆ ಅಲ್ಲ. ಸೈಟಿಗೆ ಸೇರಿ ತಿಂಗಳುಗಟ್ಟಲೆ ಕಳೆದರೂ ಉಪಕರಣ ಅವರ ಕೈಗೆ ಬಂದಿರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಟ್ಟಡದ ಕೆಲಸಕ್ಕೆ ಹೆಂಗಸರು ಹೊಸಬರೇನೂ ಅಲ್ಲ. ದಕ್ಷಿಣ ಏಷ್ಯಾದ ಸೈಟುಗಳಲ್ಲಿ ಬಾಣಲೆ ಹೊರುವವರಲ್ಲಿ, ಇಟ್ಟಿಗೆ ಎತ್ತಿಕೊಡುವವರಲ್ಲಿ, ಮರಳು ಜರಡಿ ಹಿಡಿಯುವವರಲ್ಲಿ, ಸಿಮೆಂಟ್ ಗಟ್ಟಿಯಾಗಲು (ಕ್ಯೂರಿಂಗಿಗೆ) ನೀರು ಹಾಕುವವರಲ್ಲಿ ಹೆಂಗಸರು ತುಂಬಿದ್ದಾರೆ. ಕರಣೆ ಹಿಡಿದವರು, ರಸಮಟ್ಟ ಇಟ್ಟು ನೋಡುವವರು ಮಾತ್ರ ಹೆಚ್ಚುಕಡಿಮೆ ಎಲ್ಲ ಗಂಡಸರೇ. ಹೆಲ್ಪರ್ ಆಗಿ ಬಂದ ಹುಡುಗ ಕೆಲವೇ ವರ್ಷದಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಗೋಡೆ ಕಟ್ಟತೊಡಗುತ್ತಾನೆ. ಅವನ ಜೊತೆಗೇ ಸೇರಿದ ಹೆಂಗಸು ಕೂದಲು ನೆರೆತರೂ ಬಾಣಲೆ ಹೊರುತ್ತಲೇ ಇರುತ್ತಾಳೆ. ಇದನ್ನು ಮೈಬಲದ ಮಾತಾಡಿ ಸಮರ್ಥಿಸುವವರು ಒಂದು ಗಮನಿಸಬೇಕು: ಕಟ್ಟುವುದಕ್ಕಿಂತ ಹೊರುವುದಕ್ಕೇ ಹೆಚ್ಚು ಬಲ ಬೇಕು. ಹೆಚ್ಚು ಬಲ ಬೇಡುವ, ಕಡಿಮೆ ಕೂಲಿಯ ಕೆಲಸವನ್ನು ಹೆಂಗಸರಿಗೆ ಕೊಟ್ಟು, ಕೌಶಲ ಬೇಡುವ, ಹೆಚ್ಚು ಕೂಲಿಯ ಕೆಲಸವನ್ನು ಗಂಡಸರು ಇಟ್ಟುಕೊಂಡಿದ್ದಾರೆ.

ಶ್ರೀಮಂತ ದೇಶಗಳ ಕಥೆಯೂ ತುಂಬಾ ಬೇರೆಯಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ವಾಟರ್ಲೂ ಸೇತುವೆ ಕಟ್ಟುವಾಗ ಗಂಡಾಳುಗಳು ಸಾಲದೆ ಬಹಳಷ್ಟು ಹೆಂಗಸರು ಅಲ್ಲಿ ದುಡಿದರು. ಕಲ್ಲು ಕೆತ್ತಿದರು, ವೆಲ್ಡಿಂಗ್ ಮಾಡಿದರು. 1945ರ ಉದ್ಘಾಟನೆಯಲ್ಲಿ ಬ್ರಿಟಿಷ್ ಮಂತ್ರಿ ಹರ್ಬರ್ಟ್ ಮಾರಿಸನ್ ಸೇತುವೆ ಕಟ್ಟಿದ ಗಂಡಸರನ್ನು ಮಾತ್ರ ಹೊಗಳಿದರು. ಯುದ್ಧ ಮುಗಿದ ಮೇಲೆ ಆ ಹೆಂಗಸರನ್ನು ಮನೆಗೆ ಕಳಿಸಲಾಯಿತು. ಥೇಮ್ಸ್ ನದಿಯ ದೋಣಿಯವರು ಮಾತ್ರ ಅದನ್ನು 'ಹೆಂಗಸರ ಸೇತುವೆ' ಎಂದು ಕರೆಯುತ್ತಾ ಬಂದರು. ಅಮೆರಿಕದಲ್ಲಿ 1978ರಲ್ಲಿ ಸರ್ಕಾರಿ ಗುತ್ತಿಗೆಯ ಕಟ್ಟಡ ಕೆಲಸಗಳಲ್ಲಿ ಹೆಂಗಸರ ದುಡಿಮೆಯ ಪಾಲಿಗೆ ಗುರಿ ನಿಗದಿ ಮಾಡಿದರು. ಅದು ಹಂತಹಂತವಾಗಿ ನೂರಕ್ಕೆ 6.9ರಷ್ಟಾಗಬೇಕಿತ್ತು. ಇಷ್ಟು ದಶಕಗಳಾದ ಮೇಲೂ ಅಲ್ಲಿ ಕೈಕಸುಬಿನವರಲ್ಲಿ ಹೆಂಗಸರು ನೂರಕ್ಕೆ ನಾಲ್ವರ ಆಸುಪಾಸಿನಲ್ಲಿದ್ದಾರೆ. ನಿಯಮದಿಂದ ಸೈಟಿನ ಗೇಟು ತೆರೆಯಿತು. ಒಳಗೆ ಬಂದವಳಿಗೆ ಕೆಲಸ ಹೇಳಿಕೊಡಬೇಕಾದವರು ಹೇಳಿಕೊಡದಿದ್ದರೆ ಆ ನಿಯಮ ಅಲ್ಲಿಗೇ ನಿಂತುಬಿಡುತ್ತದೆ.

ಆದ್ದರಿಂದ ಯಾವ ಕಡೆ ಸೇರಿಕೊಂಡರೂ ವಾರದ ಕೊನೆಗೆ ಒಂದು ಲೆಕ್ಕ ಹಾಕಿಕೊಳ್ಳಿ. ಈ ವಾರ ಎಷ್ಟು ಹೊತ್ತು ಉಪಕರಣ ನನ್ನ ಕೈಯಲ್ಲಿತ್ತು, ಎಷ್ಟು ಹೊತ್ತು ಕಸ ಗುಡಿಸಿದೆ, ಸಾಮಾನು ಹೊತ್ತೆ, ಸುಮ್ಮನೆ ನಿಂತು ನೋಡಿದೆ? ಮೊದಲ ತಿಂಗಳು ಗುಡಿಸುವುದು, ಹೊರುವುದು ಜಾಸ್ತಿ ಇರುತ್ತದೆ, ಎಲ್ಲರಿಗೂ ಅದೇ. ಮೂರನೇ ತಿಂಗಳಲ್ಲೂ ಹಾಗೇ ಇದ್ದು, ನಿಮ್ಮ ಜೊತೆಗೇ ಸೇರಿದ ಹುಡುಗ ಆಗಲೇ ಪೈಪ್ ಬೆಂಡ್ ಮಾಡುತ್ತಿದ್ದರೆ, ಮೇಲಿನವರ ಹತ್ತಿರ ನೇರವಾಗಿ ಕೇಳಿ. ಕೇಳಿದ ಮೇಲೂ ಬದಲಾಗದಿದ್ದರೆ ಜಾಗ ಬದಲಿಸಿ. ಅಲ್ಲಿ ತಾಳ್ಮೆಯಿಂದ ಕಾಯುವುದರಲ್ಲಿ ನಿಮಗೆ ಲಾಭವಿಲ್ಲ, ಅವರಿಗೆ ಕಡಿಮೆ ಸಂಬಳದ ಒಬ್ಬ ಹೆಲ್ಪರ್ ಸಿಕ್ಕಂತಾಗುತ್ತದೆ ಅಷ್ಟೇ.

ನಿಮ್ಮ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಇದು ಮರ್ಯಾದೆಯ ವೇಷದಲ್ಲಿ ಬರುತ್ತದೆ. ನಿಮಗೆ ಲೆಕ್ಕಪತ್ರ ಬರುತ್ತದೆ, ಕಂಪ್ಯೂಟರ್ ಬರುತ್ತದೆ ಎಂದು ಗೊತ್ತಾದ ವಾರದೊಳಗೆ ಕಂಟ್ರಾಕ್ಟರ್ "ಮೇಡಂ, ಈ ಬಿಲ್ಲುಗಳನ್ನು ಸ್ವಲ್ಪ ನೋಡಿ" ಅನ್ನುತ್ತಾರೆ. ಆಮೇಲೆ ಹಾಜರಿ ಪುಸ್ತಕ, ಸಾಮಾನಿನ ಪಟ್ಟಿ, ಗಿರಾಕಿಗಳ ಫೋನ್. ಆರು ತಿಂಗಳಿಗೆ ನೀವು ಮತ್ತೆ ಅದೇ ಕುರ್ಚಿಯಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ ಕೂತಿರುತ್ತೀರಿ. ಪೊರಕೆ ಕೊಟ್ಟರೆ ಅವಮಾನ ಅನ್ನಿಸಿ ಎಚ್ಚರವಾಗುತ್ತೇವೆ. ಪೆನ್ನು ಕೊಟ್ಟಾಗ ಎಚ್ಚರವಾಗುವುದಿಲ್ಲ. ಸೇರುವ ದಿನವೇ ಹೇಳಿಬಿಡಿ: "ಲೆಕ್ಕ ಬೇಕಾದಾಗ ಸಹಾಯ ಮಾಡ್ತೀನಿ, ಆದರೆ ನಾನು ಬಂದಿರೋದು ಕೆಲಸ ಕಲಿಯೋಕೆ."

ಲೆಕ್ಕದ ತಿಳಿವಳಿಕೆ ವ್ಯರ್ಥವಾಗುತ್ತದೆ ಎಂದಲ್ಲ. ಉಪಕರಣದ ಜೊತೆಗೆ ಇಟ್ಟುಕೊಂಡರೆ ನಿಮ್ಮಂಥವರನ್ನು ಹಿಡಿಯುವವರಿಲ್ಲ. 12 ಅಡಿಗೆ 10 ಅಡಿಯ ಕೋಣೆ ಅಂದರೆ 120 ಚದರ ಅಡಿ. ಕತ್ತರಿಸುವಾಗ, ಒಡೆಯುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 132. ಎರಡಡಿ ಚೌಕದ ಟೈಲ್ಸ್ ಆದರೆ 33 ಬೇಕು. ಓರೆಯಾಗಿ ಹಾಕುವುದಾದರೆ ಅಂಚಿನ ಕತ್ತರಿಕೆ ಜಾಸ್ತಿ, ನೂರಕ್ಕೆ ಹದಿನೈದು ಹಿಡಿಯಬೇಕು. ಮೂಲೆ ಚೌಕವಾಗಿದೆಯೇ ಎಂದು ನೋಡಲು ಒಂದು ಗೋಡೆಗುಂಟ 3 ಅಡಿ, ಇನ್ನೊಂದರಗುಂಟ 4 ಅಡಿ ಗುರುತಿಸಿ ಓರೆ ಅಳತೆ ತೆಗೆಯುತ್ತೇವೆ. 5 ಅಡಿ ಬಂದರೆ ಮೂಲೆ ಸರಿ. ಇಂಥ ಲೆಕ್ಕ ಹತ್ತಾರು ವರ್ಷ ಅನುಭವವಿರುವ ಎಷ್ಟೋ ಕೆಲಸಗಾರರಿಗೆ ಕೈಯಲ್ಲಿದೆ, ಕಾಗದದಲ್ಲಿ ಬರೆದುಕೊಡಲು ಬರುವುದಿಲ್ಲ. ಸ್ವಂತವಾಗಿ ಕೆಲಸ ಹಿಡಿಯುವ ದಿನ ಬಂದಾಗ ಅಂದಾಜು ಪಟ್ಟಿ ತಪ್ಪಾಗಿ ಕೈಸುಟ್ಟುಕೊಳ್ಳುವವರೇ ಹೆಚ್ಚು. ನಿಮಗೆ ಆ ಭಯ ಕಡಿಮೆ.

ಈಗ ದೇಹದ ಮಾತು. ಭಾರ ಎತ್ತುವುದನ್ನು ಗಂಡಸಿನ ಗುಣ, ಹೆಂಗಸಿನ ಕೊರತೆ ಎಂಬಂತೆ ಮಾತಾಡುವುದು ರೂಢಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಭಾರದ ಸೂತ್ರದ ಪ್ರಕಾರ, ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಕೈಯಿಂದ ಎತ್ತಬೇಕಾದ ಗರಿಷ್ಠ ಭಾರ 23 ಕಿಲೋ. ಭಾರ ಮೈಯಿಂದ ದೂರವಿದ್ದರೆ, ಸೊಂಟ ತಿರುಚಬೇಕಾದರೆ, ಪದೇ ಪದೇ ಎತ್ತಬೇಕಾದರೆ ಈ ಮಿತಿ ಇನ್ನೂ ಇಳಿಯುತ್ತದೆ. ಗಂಡಸರಿಗೊಂದು, ಹೆಂಗಸರಿಗೊಂದು ಎಂಬ ಮಿತಿ ಅದರಲ್ಲಿಲ್ಲ. 50 ಕಿಲೋ ಸಿಮೆಂಟ್ ಮೂಟೆಯನ್ನು ಒಬ್ಬರೇ ಬೆನ್ನ ಮೇಲೆ ಹಾಕಿಕೊಂಡು ಹೋಗುವುದು ಯಾರಿಗೂ ಒಳ್ಳೆಯದಲ್ಲ. ಹಾಗೆ ಹೊತ್ತ ಗಂಡಸರ ಸೊಂಟ ನಲವತ್ತೈದಕ್ಕೆ ಏನಾಗಿರುತ್ತದೆ ಎಂದು ಅವರನ್ನೇ ಕೇಳಿ ನೋಡಿ. ಹಲವು ದೇಶಗಳಲ್ಲಿ ಈಗ 25 ಕಿಲೋ ಮೂಟೆಗಳೇ ಬರುತ್ತವೆ. ಆ ಬದಲಾವಣೆಯಿಂದ ಉಳಿದದ್ದು ಎಲ್ಲರ ಸೊಂಟ.

ನೀವು ಕಲಿಯಬೇಕಾದ್ದು ಭಾರವನ್ನು ಜಾಣತನದಿಂದ ಸಾಗಿಸುವುದು. ಮೂಟೆಯನ್ನು ಎತ್ತುವ ಬದಲು ತಳ್ಳುಗಾಡಿಗೆ ಉರುಳಿಸಿ. ಉದ್ದನೆಯ ಪೈಪನ್ನು ನಡುವೆ ಹಿಡಿಯಿರಿ. ಬಾಗಿಲಿನ ಹಲಗೆಯನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ ತಿರುಗಿಸುತ್ತಾ ಸಾಗಿಸಿ. ಕೆಳಗಿನ ಸಾಮಾನನ್ನು ಮೇಲಕ್ಕೆ ಹೊರುವ ಬದಲು ರಾಟೆಗೆ ಕಟ್ಟಿ ಎಳೆಯಿರಿ. ನೀವು ಹೀಗೆ ಮಾಡುವುದನ್ನು ನೋಡಿ ಮೊದಲು ನಗುವವರೂ ತಮ್ಮ ಬೆನ್ನು ನೋಯತೊಡಗಿದಾಗ ಅದೇ ದಾರಿಗೆ ಬರುತ್ತಾರೆ.

ಮೊದಲ ಎರಡು ತಿಂಗಳು ಮೈಕೈ ನೋಯುತ್ತದೆ, ಅದು ಸಹಜ. ಒಂದು ಎಚ್ಚರಿಕೆ ಮಾತ್ರ ಮನಸ್ಸಿಟ್ಟು ಕೇಳಿ. ಸ್ನಾಯುಗಳು ಬೇಗ ಬಲಗೊಳ್ಳುತ್ತವೆ, ಅವನ್ನು ಮೂಳೆಗೆ ಕಟ್ಟುವ ರಜ್ಜುಗಳು ನಿಧಾನಕ್ಕೆ ಬಲಗೊಳ್ಳುತ್ತವೆ. ಮೂರನೇ ತಿಂಗಳಿಗೆ "ಈಗ ನನಗೆ ಶಕ್ತಿ ಬಂತು" ಅನ್ನಿಸಿ ಒಮ್ಮೆಲೇ ಕೆಲಸ ಹೆಚ್ಚಿಸಿದವರ ಮೊಣಕೈ, ಮಣಿಕಟ್ಟು ಆಗಲೇ ಹಿಡಿದುಕೊಳ್ಳುವುದು. ಮೈಯ ದಣಿವು ರಾತ್ರಿ ನಿದ್ದೆಗೆ ಹೋಗುತ್ತದೆ. ಒಂದೇ ಕೀಲಿನಲ್ಲಿ ದಿನದಿಂದ ದಿನಕ್ಕೆ ಏರುವ ನೋವು ಹಾಗೆ ಹೋಗುವುದಿಲ್ಲ, ಅದಕ್ಕೆ ವಿಶ್ರಾಂತಿ ಕೊಡಲೇಬೇಕು. ಮೂವತ್ತೇಳು ತಡವಲ್ಲ. ಎಲೆಕ್ಟ್ರಿಷಿಯನ್ ಆಗಿ ಪೂರ್ತಿ ಪಳಗಲು ನಾಲ್ಕೈದು ವರ್ಷ ಎಂದಿಟ್ಟುಕೊಂಡರೂ ಅರವತ್ತಕ್ಕೆ ಮುಂಚೆ ಹದಿನೆಂಟು ವರ್ಷ ಮಿಕ್ಕಿರುತ್ತದೆ.

ಭಾರಕ್ಕಿಂತ ನಾನು ಹೆಚ್ಚು ಹೆದರುವುದು ದೂಳಿಗೆ. ಟೈಲ್ಸ್, ಕಾಂಕ್ರೀಟ್, ಗ್ರಾನೈಟ್ ಒಣದಾಗಿ ಕತ್ತರಿಸಿದರೆ ಏಳುವ ನುಣ್ಣನೆಯ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತುಬಿಡುತ್ತದೆ. ಅದರಿಂದಾಗುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ನೀರು ಹಾಯಿಸುತ್ತಾ ಕತ್ತರಿಸಬೇಕು, ಮುಖಕ್ಕೆ ಸರಿಯಾಗಿ ಕೂರುವ ದೂಳಿನ ಮಾಸ್ಕ್ ಹಾಕಬೇಕು. ಹಸಿ ಸಿಮೆಂಟ್ ಕೂಡ ಸಾಧುವಲ್ಲ. ಅದರ ಕ್ಷಾರತೆ ಪಿಎಚ್ 12ರಿಂದ 13ರಷ್ಟಿದ್ದು, ಬೂಟಿನೊಳಗೆ ಇಳಿದರೆ ತಕ್ಷಣ ಗೊತ್ತಾಗದೆ ಸಂಜೆಯ ಹೊತ್ತಿಗೆ ಚರ್ಮ ಸುಟ್ಟಿರುತ್ತದೆ. ಹಳೆಯ ಬಣ್ಣ ಉಜ್ಜುವಾಗ ಏಳುವ ದೂಳಿನಲ್ಲಿ ಸೀಸ ಇರಬಹುದು. ಬಸುರಿಯರಂತೂ ಆ ಕೆಲಸದ ಹತ್ತಿರ ಸುಳಿಯಬಾರದು.

ಗ್ಲೌಸ್, ಬೂಟು, ಎತ್ತರದಲ್ಲಿ ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟ್, ಎಲ್ಲವೂ ಹೆಚ್ಚಾಗಿ ಗಂಡಸರ ಅಳತೆಗೆ ತಯಾರಾಗುತ್ತವೆ. ದೊಡ್ಡ ಗ್ಲೌಸಿನ ತುದಿ ತಿರುಗುವ ಡ್ರಿಲ್ಲಿಗೆ ಸಿಕ್ಕಿಕೊಂಡರೆ ಬೆರಳೇ ಹೋಗಬಹುದು. ಸಡಿಲವಾದ ಬೆಲ್ಟಿನಿಂದ ಬೀಳುವಾಗ ಮೈ ಜಾರಿ ಹೊರಬರಬಹುದು. "ಇದ್ದದ್ದರಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಒಪ್ಪಬೇಡಿ. ನಿಮ್ಮ ಅಳತೆಯದನ್ನು ತರಿಸಿಕೊಡಿ ಎಂದು ಕೇಳಿ, ಕೊಡದಿದ್ದರೆ ಸ್ವಂತ ದುಡ್ಡಿನಿಂದಲಾದರೂ ತೆಗೆದುಕೊಳ್ಳಿ. ಉಂಗುರ, ಬಳೆ, ಸಡಿಲ ತೋಳು, ಬಿಟ್ಟ ಕೂದಲು ಸೈಟಿನಲ್ಲಿ ಬೇಡ. ಎಲೆಕ್ಟ್ರಿಕಲ್ ಕೆಲಸದಲ್ಲಿ ಲೋಹದ ಉಂಗುರ ಜೀವಕ್ಕೇ ಅಪಾಯ.

ಯಾವ ಕಸುಬು ಹಿಡಿಯಲಿ ಎಂದು ಕೇಳಿದ್ದೀರಿ. ನಾಲ್ಕನ್ನೂ ಸಮ ತೂಗುವುದಿಲ್ಲ, ನನ್ನ ಅಭಿಪ್ರಾಯ ಹೇಳುತ್ತೇನೆ. ನಿಮಗೆ ಎಲೆಕ್ಟ್ರಿಕಲ್ ಹೊಂದುತ್ತದೆ. ಈ ಕಸುಬಿನಲ್ಲಿ ಅರ್ಧ ಕೆಲಸ ತಲೆಯದು. ದೀಪ ಉರಿಯುತ್ತಿಲ್ಲ ಅಂದರೆ ಬಲ್ಬೋ, ಸ್ವಿಚ್ಚೋ, ಜಾಯಿಂಟೋ, ನ್ಯೂಟ್ರಲ್ ಹೋಗಿದೆಯೋ ಎಂದು ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗಬೇಕು. ಲೆಕ್ಕ ತಾಳೆಯಾಗದಿದ್ದಾಗ ನೀವು ಕಚೇರಿಯಲ್ಲಿ ಮಾಡುತ್ತಾ ಬಂದದ್ದು ಇದೇ ಹುಡುಕಾಟ. ಎರಡನೆಯದಾಗಿ, ಹೆಚ್ಚಿನ ಕಡೆ ಇದಕ್ಕೆ ಪರೀಕ್ಷೆ, ಲೈಸೆನ್ಸ್ ಇವೆ. ಹೆಣ್ಣಿಗೆ ಇದು ದೊಡ್ಡ ಆಸರೆ. ಲೈಸೆನ್ಸ್ ಇಲ್ಲದ ಕಸುಬಿನಲ್ಲಿ ನೀವು ಕುಶಲರೋ ಅಲ್ಲವೋ ಎಂಬುದನ್ನು ಮೇಸ್ತ್ರಿಯ ಬಾಯಿ ತೀರ್ಮಾನಿಸುತ್ತದೆ, ಲೈಸೆನ್ಸ್ ಇದ್ದರೆ ಕಾಗದವೇ ಮಾತಾಡುತ್ತದೆ. ಮೂರನೆಯದು, ಹೊಸ ಕಟ್ಟಡ ನಿಂತುಹೋದ ಕಾಲದಲ್ಲೂ ಹಳೆಯ ಮನೆಗಳ ರಿಪೇರಿ ನಿಲ್ಲುವುದಿಲ್ಲ.

ಸುಲಭ ಎಂದು ತಿಳಿಯಬೇಡಿ. ಗೋಡೆ ಕೊರೆಯುವುದು, ತಾರಸಿಯ ಕೆಳಗೆ ಕತ್ತೆತ್ತಿ ಗಂಟೆಗಟ್ಟಲೆ ಕೆಲಸ ಮಾಡುವುದು, ಇಕ್ಕಟ್ಟಿನಲ್ಲಿ ನುಸುಳುವುದು ಎಲ್ಲ ಇದೆ. ಏಣಿಯನ್ನು ನಾಲ್ಕಡಿ ಎತ್ತರಕ್ಕೆ ಒಂದಡಿ ಹೊರಗೆ ಎಂಬ ಲೆಕ್ಕದಲ್ಲಿ ಊರಬೇಕು. ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ ಇದು: ಮೇನ್ ಆಫ್ ಮಾಡಿದ ಮೇಲೂ ವೈರನ್ನು ನಂಬಬಾರದು. ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಟೆಸ್ಟರ್ ಇಟ್ಟು ಅದು ಕೆಲಸ ಮಾಡುತ್ತಿದೆ ಎಂದು ಖಚಿತ ಮಾಡಿಕೊಳ್ಳಿ, ಆಮೇಲೆ ನೀವು ಮುಟ್ಟಬೇಕಾದ ವೈರ್ ನೋಡಿ, ಮತ್ತೆ ಗೊತ್ತಿರುವ ಕಡೆ ಇಟ್ಟು ನೋಡಿ. ಮೂರೂ ಆದ ಮೇಲಷ್ಟೇ ಕೈ. ನಡುವೆ ಟೆಸ್ಟರ್ ಕೆಟ್ಟಿದ್ದರೆ ಮೂರನೇ ಸಲ ಗೊತ್ತಾಗುತ್ತದೆ. ಮನೆಗಳಲ್ಲಿ ಜೀವ ಕಾಯಲು ಹಾಕುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) 30 ಮಿಲಿಆಂಪ್ ಸೋರಿಕೆಗೆ ಟ್ರಿಪ್ ಆಗುವಂಥದ್ದು. ಅಷ್ಟು ಸಣ್ಣ ಕರೆಂಟಿಗೇ ಕತ್ತರಿಸಿಬಿಡುವಂತೆ ಮಾಡಿದ್ದಾರೆ ಅಂದರೆ ಅಪಾಯ ಎಷ್ಟು ಕೆಳಗಿನಿಂದ ಶುರುವಾಗುತ್ತದೆ ಎಂದು ಯೋಚಿಸಿ. ನೀವು ಮನೆಯಲ್ಲಿ ಸ್ವಿಚ್ ಬೋರ್ಡ್ ಬಿಚ್ಚುವಾಗ ಇಷ್ಟೆಲ್ಲ ಮಾಡುತ್ತಿದ್ದಿರೋ ಇಲ್ಲವೋ, ಇನ್ನು ಮುಂದೆ ಮಾಡಿ.

ಟೈಲ್ಸ್ ನನ್ನ ಎರಡನೇ ಸಲಹೆ. ಬೇಗ ಕಲಿತು ಬೇಗ ಸ್ವಂತ ಕೆಲಸ ಹಿಡಿಯಬಹುದು, ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಒಂದು ಮನೆಯವರು ಇನ್ನೊಂದು ಮನೆಗೆ ಹೇಳುತ್ತಾರೆ. ಕಷ್ಟವೆಲ್ಲ ಮಂಡಿಗೆ. ದಿನವಿಡೀ ಮಂಡಿಯೂರಿದರೆ ಚಿಪ್ಪಿನ ಮುಂದೆ ನೀರು ತುಂಬಿಕೊಂಡು ಊದುತ್ತದೆ. ದಪ್ಪನೆಯ ನೀ-ಪ್ಯಾಡ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ. ಮರಗೆಲಸ ಚೆಂದದ ಕಸುಬು, ಆದರೆ ಕೈ ಪಳಗಲು ತುಂಬಾ ವರ್ಷ ಬೇಕು. ಪೇಂಟಿಂಗನ್ನು "ಹೆಂಗಸರಿಗೆ ಇದೇ ಸರಿ" ಎಂದು ಯಾರಾದರೂ ತೋರಿಸಿದ್ದರೆ ಆ ಕಾರಣಕ್ಕೆ ಮಾತ್ರ ಹಿಡಿಯಬೇಡಿ. ಬಣ್ಣದ ಕೆಲಸ ನಿಮಗೆ ಇಷ್ಟವಿದ್ದರೆ ಖಂಡಿತ ಮಾಡಿ. ಇಷ್ಟವಿಲ್ಲದೆ ಬರೀ ಅಡ್ಡಿಯಿಲ್ಲ ಎಂಬ ಕಾರಣಕ್ಕೆ ಹೋದರೆ, ಬಾಗಿಲು ಸಲೀಸಾಗಿ ತೆರೆದ ಕಡೆ ಕೂಲಿಯೂ ಕಡಿಮೆ ಇರುವುದು ಆಮೇಲೆ ತಿಳಿಯುತ್ತದೆ.

ಎಲ್ಲಿ ಕಲಿಯಬೇಕು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಜಾರ್ಖಂಡದ ಹಳ್ಳಿಗಳಲ್ಲಿ ಸ್ವಚ್ಛ ಭಾರತ ಯೋಜನೆಯ ಶೌಚಾಲಯ ಕಟ್ಟಲು ಮೇಸ್ತ್ರಿಗಳು ಸಾಲದೆ ಹೋದಾಗ ಅಲ್ಲಿನ ಹೆಂಗಸರಿಗೇ ಗಾರೆ ಕೆಲಸ ಕಲಿಸಿದರು. 'ರಾಣಿ ಮಿಸ್ತ್ರಿ' ಎಂಬ ಹೆಸರೇ ಅವರಿಗೆ ಬಂತು. ಅದು ಯಾಕೆ ಕೈಗೂಡಿತು ಎಂದರೆ, ಶೌಚಾಲಯ ಚಿಕ್ಕದಾದರೂ ಪೂರ್ತಿ ಕಟ್ಟಡ. ಪಾಯ ತೆಗೆಯುವುದರಿಂದ ಹಿಡಿದು ಗೋಡೆ, ತೂಗುಗುಂಡು ಬಿಟ್ಟು ನೋಡುವುದು, ಚಾವಣಿ, ಗಿಲಾವು ಎಲ್ಲ ಒಂದರಲ್ಲೇ ಬಂದುಬಿಡುತ್ತವೆ. ಒಂದು ಮುಗಿದರೆ ಇನ್ನೊಂದು, ಮೊದಲನೆಯದರ ಓರೆಕೋರೆ ಎರಡನೆಯದರಲ್ಲಿ ತಿದ್ದಬಹುದು. ನೀವೂ ಹಾಗೇ ಹುಡುಕಿ. ಭಾರೀ ಅಪಾರ್ಟ್‌ಮೆಂಟ್ ಸೈಟಿನಲ್ಲಿ ವರ್ಷವಿಡೀ ಪೈಪಿನೊಳಗೆ ವೈರ್ ಎಳೆಯುವುದಕ್ಕಿಂತ, ಸಣ್ಣ ಮನೆಗಳ ಕೆಲಸ ಹಿಡಿಯುವ ಇಬ್ಬರು-ಮೂವರ ತಂಡದಲ್ಲಿ ಬೇಗ ಕಲಿಯುತ್ತೀರಿ. ಅಲ್ಲಿ ಜನ ಕಡಿಮೆ, ಹಾಗಾಗಿ ಎಲ್ಲ ಕೆಲಸಕ್ಕೂ ನಿಮ್ಮನ್ನೇ ಕರೆಯಬೇಕಾಗುತ್ತದೆ. ದೊಡ್ಡ ಕಂಪನಿಯ ಅಪ್ರೆಂಟಿಸ್‌ಶಿಪ್ ಸಿಕ್ಕರೆ ಬಿಡಬೇಡಿ. ವರ್ಷಕ್ಕೆ ಏನೇನು ಕಲಿಸಬೇಕು ಎಂದು ಅಲ್ಲಿ ಬರೆದಿಟ್ಟಿರುತ್ತಾರೆ, ಕಲಿಸದಿದ್ದರೆ ಕೇಳುವ ಹಕ್ಕು ನಿಮಗಿರುತ್ತದೆ. ತರಬೇತಿ ಕೇಂದ್ರ ಆರಿಸುವಾಗ ಮೊದಲು ಅಲ್ಲಿನ ವರ್ಕ್‌ಶಾಪ್ ನೋಡಿ ಬನ್ನಿ. ಉಪಕರಣಗಳ ಹಿಡಿಕೆ ಸವೆದಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ, ಎಲ್ಲ ಹೊಸದಾಗಿ ಹೊಳೆಯುತ್ತಿದ್ದರೆ ಬೇರೆ ಕೇಂದ್ರ ಹುಡುಕಿ.

ಗಂಡಸರ ನಡುವೆ ಹೇಗೆ ಎಂದಿರಿ. ಸೇರುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಶೌಚಾಲಯದ್ದು. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು ಇದೆಯೇ, ನೀರಿದೆಯೇ, ಬಟ್ಟೆ ಬದಲಿಸಲು ಜಾಗವಿದೆಯೇ? ಕೇಳಲು ನಾಚಿಕೊಂಡು, ಆಮೇಲೆ ದಿನವಿಡೀ ನೀರು ಕುಡಿಯದೆ ಕೆಲಸ ಮಾಡಿ ಮೂತ್ರದ ಸೋಂಕಿಗೆ, ಬಿಸಿಲಿನ ಬಳಲಿಕೆಗೆ ಸಿಕ್ಕ ಹೆಣ್ಣುಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈ ಪ್ರಶ್ನೆಗೆ ಕಂಟ್ರಾಕ್ಟರ್ ಹೇಗೆ ಉತ್ತರ ಕೊಡುತ್ತಾರೆ ಎಂಬುದರಲ್ಲೇ ಮುಂದಿನ ದಿನಗಳು ಹೇಗಿರುತ್ತವೆ ಎಂದು ಅರ್ಧ ತಿಳಿಯುತ್ತದೆ.

ಹೆಚ್ಚಿನ ಗಂಡಸರು ಕೆಟ್ಟವರಲ್ಲ. ಅವರ ಒಳ್ಳೆಯತನದಿಂದಲೇ ಬರುವ ತೊಂದರೆ ಹೆಚ್ಚು. ನೀವು ಡ್ರಿಲ್ ಎತ್ತಿಕೊಂಡ ಕೂಡಲೇ ಯಾರೋ ಬಂದು "ಕೊಡಿ ಅಕ್ಕಾ, ನಾನು ಮಾಡ್ತೀನಿ" ಎಂದು ಕೈಯಿಂದ ತೆಗೆದುಕೊಳ್ಳುತ್ತಾರೆ. ಕೊಟ್ಟಿರೋ, ಆ ತೂತು ಕೊರೆಯುವುದನ್ನು ಕಲಿತವರು ಅವರು. ನಗುನಗುತ್ತಲೇ ಹೇಳಿ: "ಬೇಡ ಅಣ್ಣಾ, ನಾನೇ ಮಾಡ್ತೀನಿ. ಹೇಗೆ ಹಿಡೀಬೇಕು ಅಂತ ಮಾತ್ರ ತೋರಿಸಿ." ತೋರಿಸು ಎಂದು ಕೇಳಿದರೆ ಯಾವ ಒಳ್ಳೆಯ ಕೆಲಸಗಾರನೂ ಇಲ್ಲ ಅನ್ನುವುದಿಲ್ಲ, ತಾನು ಕಲಿತದ್ದನ್ನು ಕೇಳುವವರು ಸಿಕ್ಕರೆ ಅವನಿಗೂ ಸಂತೋಷ. ನಿಮಗಿಂತ ಹದಿನೈದು ವರ್ಷ ಚಿಕ್ಕವನ ಕೈಕೆಳಗೆ ಕಲಿಯಬೇಕಾಗಬಹುದು. ಕೆಲಸದ ವಿಷಯದಲ್ಲಿ ಅವನೇ ಹಿರಿಯ ಎಂದು ಒಪ್ಪಿಕೊಂಡುಬಿಡಿ.

ಚೇಷ್ಟೆ ಬೇರೆ, ಕಿರುಕುಳ ಬೇರೆ. ಹೊಸಬರೆಲ್ಲರನ್ನೂ ಗೇಲಿ ಮಾಡುತ್ತಾರೆ, ಅದು ಕೆಲಸದ ಮೇಲಿನ ಮಾತಾದರೆ ತಡೆದುಕೊಳ್ಳಬಹುದು. ಮಾತು ನಿಮ್ಮ ಮೈ ಮೇಲೆ ಬಂದರೆ, ಕೈ ತಾಗಿದರೆ, ಒಬ್ಬರೇ ಇರುವ ಕಡೆ ದಾರಿ ಅಡ್ಡಗಟ್ಟಿದರೆ ಒಂದು ಸಲವೂ ಬಿಡಬೇಡಿ. ಅಲ್ಲೇ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ "ಇದು ಬೇಡ" ಅನ್ನಿ. ಅದೇ ಸಂಜೆ ದಿನಾಂಕ, ಹೊತ್ತು, ಯಾರಿದ್ದರು ಎಂಬುದನ್ನೆಲ್ಲ ಬರೆದಿಡಿ, ಮೇಲಿನವರಿಗೆ ಬರಹದಲ್ಲೇ ದೂರು ಕೊಡಿ. ಸಾಧ್ಯವಾದರೆ ಇನ್ನೊಬ್ಬ ಹೆಣ್ಣುಮಗಳು ಇರುವ ತಂಡ ಹುಡುಕಿ. ಇಬ್ಬರಿದ್ದ ಕಡೆ ಇಂಥದ್ದಕ್ಕೆ ಧೈರ್ಯ ಕಡಿಮೆ.

ದುಡ್ಡಿನ ವಿಷಯದಲ್ಲಿ ನಿಮಗೆ ನಾನು ಹೇಳಿಕೊಡಬೇಕಾದ್ದು ಕಡಿಮೆ, ಆದರೂ ಕ್ರಮ ಹೇಳುತ್ತೇನೆ. ಇವತ್ತೇ ರಾಜೀನಾಮೆ ಕೊಡಬೇಡಿ. ರಜಾದಿನಗಳಲ್ಲಿ, ವಾರದ ಕೊನೆಗಳಲ್ಲಿ ಒಂದು ತಂಡದ ಜೊತೆ ಹೋಗಿ ಮೂರು ತಿಂಗಳು ಕೆಲಸ ಮಾಡಿ ನೋಡಿ. ಮನೆಯ ಬಚ್ಚಲಿಗೆ ಟೈಲ್ಸ್ ಹಾಕುವಾಗ ಗಡುವು ಇರಲಿಲ್ಲ, ತಲೆಯ ಮೇಲೆ ಗಿರಾಕಿ ನಿಂತಿರಲಿಲ್ಲ. ಅವೆರಡೂ ಇದ್ದಾಗಲೂ ಕೆಲಸ ಇಷ್ಟವಾಗುತ್ತದೆಯೇ ಎಂದು ಆಗ ತಿಳಿಯುತ್ತದೆ. ಅಪ್ರೆಂಟಿಸ್ ಸಂಬಳ ಅನೇಕ ಕಡೆ ಪಳಗಿದ ಕೆಲಸಗಾರರ ಸಂಬಳದ ಅರ್ಧದ ಆಸುಪಾಸಿನಿಂದ ಶುರುವಾಗಿ ವರ್ಷವರ್ಷ ಏರುತ್ತದೆ. ಅಂದರೆ ಮೊದಲ ಎರಡು ವರ್ಷ ಕೈ ಬಿಗಿ. ಆರು ತಿಂಗಳ ಮನೆಖರ್ಚು ಪಕ್ಕಕ್ಕಿಟ್ಟುಕೊಂಡು ಇಳಿಯಿರಿ, ಸಾಲ ಇದ್ದರೆ ಮೊದಲು ಅದನ್ನು ಇಳಿಸಿ. ಮಳೆಗೆ ಕೆಲಸ ನಿಲ್ಲುವುದು, ಬಿಲ್ ತಡವಾಗುವುದು ಈ ಕಸುಬಿನಲ್ಲಿ ಮಾಮೂಲು. ಸೈಟಿನ ಕೆಲಸ ಬೇಗ ಶುರುವಾಗುತ್ತದೆ, ಬೆಳಿಗ್ಗೆ ಮಕ್ಕಳನ್ನು ಯಾರು ಕಳಿಸುತ್ತಾರೆ ಎಂಬುದನ್ನು ಈಗಲೇ ಮನೆಯಲ್ಲಿ ಕೂತು ಮಾತಾಡಿ. ಈ ಒಂದು ವ್ಯವಸ್ಥೆ ಆಗದೆ ಕಸುಬು ಬಿಟ್ಟವರಿದ್ದಾರೆ.

ಮನೆಯವರ ಮಾತಿಗೆ ವಾದದಿಂದ ಉತ್ತರ ಕೊಡಲು ಹೋಗಬೇಡಿ. ಅವರ ಕಣ್ಣಿನಲ್ಲಿ ಕಟ್ಟಡದ ಕೆಲಸ ಮಾಡುವ ಹೆಂಗಸು ಅಂದರೆ ಬಾಣಲೆ ಹೊತ್ತವಳು, ಯಾಕೆಂದರೆ ಅವರು ನೋಡಿರುವುದು ಅದನ್ನೇ. ಆ ಆತಂಕದಲ್ಲಿ ಹುರುಳಿದೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು, ಹೊರುವ ಕೆಲಸದಲ್ಲೇ ಉಳಿಯಬೇಡಿ ಎಂದು. ಯಾವ ಪರೀಕ್ಷೆ, ಯಾವ ಲೈಸೆನ್ಸ್, ಎಷ್ಟು ವರ್ಷಕ್ಕೆ ಎಷ್ಟು ಸಂಪಾದನೆ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಲೆಕ್ಕ ಬರೆಯುವುದು ನಿಮ್ಮ ಕೈಯ ಕೆಲಸವೇ ಅಲ್ಲವೇ.

ಉಪಕರಣಗಳನ್ನು ಒಮ್ಮೆಲೇ ಕೊಳ್ಳಬೇಡಿ. ಎಲೆಕ್ಟ್ರಿಕಲ್ ಎಂದು ತೀರ್ಮಾನಿಸಿದರೆ ಒಳ್ಳೆಯ ಕಂಪನಿಯ ಇನ್ಸುಲೇಟೆಡ್ ಸ್ಕ್ರೂಡ್ರೈವರ್ ಸೆಟ್, ನಿಮ್ಮ ಅಂಗೈಗೆ ಹೊಂದುವ ಕಟಿಂಗ್ ಪ್ಲಯರ್, ವೈರ್ ಸ್ಟ್ರಿಪ್ಪರ್, ವೋಲ್ಟೇಜ್ ಟೆಸ್ಟರ್, ಮಲ್ಟಿಮೀಟರ್, ಅಳತೆ ಟೇಪ್ ಇಷ್ಟು ಸಾಕು. ಪ್ಲಯರನ್ನು ಅಂಗಡಿಯಲ್ಲೇ ಒಂದು ಕೈಯಲ್ಲಿ ಬಿಚ್ಚಿ ಮುಚ್ಚಿ ನೋಡಿ, ಬೆರಳು ಪೂರ್ತಿ ಸುತ್ತಿ ಹಿಡಿಯುವಂತಿರಬೇಕು. ಹಿಡಿಕೆ ದಪ್ಪವಾದರೆ ಸಂಜೆಗೆ ಕೈ ಸೋಲುತ್ತದೆ. ಡ್ರಿಲ್, ಗ್ರೈಂಡರ್ ಎಲ್ಲ ಸ್ವಂತ ಕೆಲಸ ಹಿಡಿದ ಮೇಲೆ ಒಂದೊಂದಾಗಿ ತೆಗೆದುಕೊಳ್ಳಿ. ಕೊಂಡ ಪ್ರತಿಯೊಂದರ ಮೇಲೂ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ, ಸೈಟಿನಲ್ಲಿ ಉಪಕರಣಗಳು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ.